ಆಕಳು, ಎಮ್ಮೆ ಬೆದೆಗೆ ಬಾರದಿದ್ದರೆ: ಯಾವ ದನಕ್ಕೆ ಯಾವ ಹಾರ್ಮೋನು?

ಈದು ಮೂರು ತಿಂಗಳಾದರೂ ಬೆದೆಗೆ ಬಾರದ ಆಕಳನ್ನು ದನದ ದವಾಖಾನೆಗೆ ಹೊಡೆದುಕೊಂಡು ಬಂದವರು ಕೇಳುವುದು ಹೆಚ್ಚಾಗಿ ಒಂದೇ ಮಾತು: "ಸರ್, ಬೆದಿಗೆ ಬರೋ ಇಂಜೆಕ್ಷನ್ ಮಾಡ್ರಿ." ಹಾಗೆಂಬ ಒಂದು ಇಂಜೆಕ್ಷನ್ ಇಲ್ಲ. ಇರುವುದು ಮೂರು ನಾಲ್ಕು ಬಗೆಯ ಹಾರ್ಮೋನು, ಒಂದೊಂದೂ ಅಂಡಾಶಯದ ಒಂದೊಂದು ಸ್ಥಿತಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಪ್ರೊಸ್ಟಾಗ್ಲಾಂಡಿನ್ ಕೆಲಸ ಮಾಡಲು ಅಂಡಾಶಯದ ಮೇಲೆ ಹಳದಿ ಗಂಟು ಇರಬೇಕು, ಡಾಕ್ಟರರು ಸಿ.ಎಲ್. ಎನ್ನುವುದು ಇದನ್ನೇ. ಕೋಶ ಒಡೆಸುವ ಹಾರ್ಮೋನಾದ ಜಿಎನ್‌ಆರ್‌ಎಚ್ ಕೆಲಸ ಮಾಡಲು ಅಂಡ ಹೊತ್ತ ಬಲಿತ ಕೋಶ ಇರಬೇಕು. ಎರಡೂ ಇಲ್ಲದ ಚಪ್ಪಟೆ ಅಂಡಾಶಯಕ್ಕೆ ಇವನ್ನು ಎಷ್ಟು ಚುಚ್ಚಿದರೂ ರೊಕ್ಕ ಹೋಗುತ್ತದೆ, ಬೆದೆ ಬರುವುದಿಲ್ಲ. ಹಾಗಾಗಿ ಔಷಧಿಯ ಹೆಸರು ಆಮೇಲೆ. ಮೊದಲು ಡಾಕ್ಟರರಿಂದ ಗುದದ್ವಾರದ ಮೂಲಕ ಕೈ ಹಾಕಿ ಅಂಡಾಶಯ ನೋಡಿಸುವುದು.

"ಬೆದೆ ಬಂದಿಲ್ಲ" ಅಂದರೆ ಏನೇನಿರಬಹುದು

ಆಕಳಾಗಲಿ ಎಮ್ಮೆಯಾಗಲಿ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, 18ರಿಂದ 24 ದಿನದವರೆಗೆ ಹಿಂದುಮುಂದಾಗಬಹುದು. ಬೆದೆಯ ನಂತರ ಕೋಶ ಒಡೆದ ಜಾಗದಲ್ಲಿ ಹಳದಿ ಗಂಟು ಬೆಳೆದು ಪ್ರೊಜೆಸ್ಟರಾನ್ ಬಿಡುತ್ತದೆ. ಗಬ್ಬ ನಿಲ್ಲದಿದ್ದರೆ 16–17ನೇ ದಿನದ ಹೊತ್ತಿಗೆ ಗರ್ಭಕೋಶವೇ ಪ್ರೊಸ್ಟಾಗ್ಲಾಂಡಿನ್ ಬಿಟ್ಟು ಆ ಗಂಟನ್ನು ಕರಗಿಸುತ್ತದೆ, ಮತ್ತೆ ಬೆದೆ. ನಾವು ಹೊರಗಿನಿಂದ ಕೊಡುವ ಎಲ್ಲ ಹಾರ್ಮೋನೂ ಈ ಓಟದ ಯಾವುದೋ ಒಂದು ಹೆಜ್ಜೆಯ ನಕಲು.

ಬೆದೆ ಕಾಣದ ದನವನ್ನು ಪರೀಕ್ಷಿಸಿದಾಗ ನಾಲ್ಕರಲ್ಲಿ ಒಂದು ಸಿಗುತ್ತದೆ. ಒಂದು, ಚಕ್ರ ಸರಿಯಾಗಿ ತಿರುಗುತ್ತಿದೆ, ಆದರೆ ಬೆದೆ ಮೂಕವಾಗಿದೆ ಅಥವಾ ಮನೆಯವರ ಕಣ್ಣಿಗೆ ಬಿದ್ದಿಲ್ಲ. ಎರಡು, ಅಂಡಾಶಯ ನಿಜಕ್ಕೂ ಮಲಗಿದೆ. ಮೂರು, ಗರ್ಭಕೋಶದಲ್ಲಿ ಕೀವು ತುಂಬಿ ಹಳದಿ ಗಂಟು ಕರಗದೆ ಉಳಿದಿದೆ, ಇಲ್ಲವೆ ಅಂಡಾಶಯದಲ್ಲಿ ನೀರುಗುಳ್ಳೆಯಾಗಿದೆ. ನಾಲ್ಕನೆಯದನ್ನು ಬಹಳ ಮಂದಿ ಮರೆಯುತ್ತಾರೆ: ಅದು ಆಗಲೇ ಗಬ್ಬ ಇದೆ. ಮೇಯಲು ಬಿಟ್ಟಾಗ ಓಣಿಯ ಹೋರಿಯೋ ಕೋಣವೋ ಹಾರಿದ್ದು ಯಾರಿಗೂ ಗೊತ್ತಿರುವುದಿಲ್ಲ. ಅಂಥದಕ್ಕೆ ಪ್ರೊಸ್ಟಾಗ್ಲಾಂಡಿನ್ ಕೊಟ್ಟರೆ ಗಬ್ಬ ಬಿದ್ದುಹೋಗುತ್ತದೆ.

ಒಂದೇ ಸಲ ನೋಡಿ "ಅಂಡಾಶಯ ಮಲಗಿದೆ" ಎಂದು ತೀರ್ಮಾನಿಸುವುದೂ ತಪ್ಪು. ಚಕ್ರದ ಮೊದಲ ನಾಲ್ಕೈದು ದಿನ ಮತ್ತು ಕೊನೆಯ ಮೂರ್ನಾಲ್ಕು ದಿನ ಚೆನ್ನಾಗಿರುವ ಆಕಳಲ್ಲೂ ಗಂಟು ಕೈಗೆ ಸಿಗುವುದಿಲ್ಲ. 10–11 ದಿನ ಬಿಟ್ಟು ಮತ್ತೊಮ್ಮೆ ನೋಡಿ, ಎರಡೂ ಸಲ ಏನೂ ಸಿಗದಿದ್ದರೆ ಮಾತ್ರ ಮಲಗಿದೆ ಎನ್ನಬಹುದು. ಅಲ್ಟ್ರಾಸೌಂಡ್ ಇರುವಲ್ಲಿ ಕೆಲಸ ಇನ್ನೂ ಖಚಿತ. ಗದಗಿನ ಸುತ್ತಮುತ್ತಲಿನವರು ಅಲ್ಲಿಯ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು.

ಸೂಜಿಗಿಂತ ಮೊದಲು ಗೋದಲಿ

ಬೆನ್ನೆಲುಬು, ಪಕ್ಕೆಲುಬು ಎಣಿಸುವಂತಿರುವ ದನಕ್ಕೆ ಯಾವ ಹಾರ್ಮೋನನ್ನೂ ನಾವು ಸೂಚಿಸುವುದಿಲ್ಲ. ಮೈಕಟ್ಟನ್ನು 1ರಿಂದ 5ರವರೆಗೆ ಅಳೆಯುವ ಪದ್ಧತಿಯಲ್ಲಿ 2.5ಕ್ಕಿಂತ ಕೆಳಗಿದ್ದರೆ ದೇಹ ತನ್ನ ಜೀವ ಉಳಿಸಿಕೊಳ್ಳುವ ಲೆಕ್ಕದಲ್ಲಿರುತ್ತದೆ, ಕರುವಿನ ಲೆಕ್ಕದಲ್ಲಲ್ಲ. ನಮ್ಮ ಬಯಲುಸೀಮೆಯಲ್ಲಿ ಮಾರ್ಚ್ ಬಂದರೆ ಬರೀ ಜೋಳದ ಕಣಿಕೆ, ಗೋವಿನಜೋಳದ ದಂಟು. ಅದರಲ್ಲಿ ಹೊಟ್ಟೆ ತುಂಬುತ್ತದೆ. ಪ್ರೋಟೀನು ಕಡಿಮೆ, ರಂಜಕವೂ ಕಡಿಮೆ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಉಪ್ಪು, ಶೇಂಗಾ ಹೊಟ್ಟು, ಹತ್ತಿಕಾಳು ಇಲ್ಲವೆ ಶೇಂಗಾ ಹಿಂಡಿ, ಜೊತೆಗೆ ಸಾಧ್ಯವಾದಷ್ಟು ಹಸಿರು ಮೇವು ಕೊಟ್ಟು, ಜಂತಿನ ಔಷಧಿ ಹಾಕಿ ಒಂದೂವರೆ ಎರಡು ತಿಂಗಳು ಕಾಯಿರಿ. ಎಷ್ಟೋ ದನ ಅಷ್ಟಕ್ಕೇ ಬೆದೆಗೆ ಬರುತ್ತವೆ. ಹಾಲು ಜಾಸ್ತಿ ಕೊಡುವ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಈದ ಮೊದಲೆರಡು ತಿಂಗಳು ತಿಂದದ್ದಕ್ಕಿಂತ ಹೆಚ್ಚು ಹಾಲಿಗೆ ಸುರಿಯುತ್ತದೆ. ಹಾಗಾಗಿ ಈದು 60 ದಿನ ತುಂಬುವ ಮೊದಲು ಹಾರ್ಮೋನಿನ ಮಾತೇ ಬೇಡ.

ಪ್ರೊಸ್ಟಾಗ್ಲಾಂಡಿನ್: ಅಗ್ಗ, ಆದರೆ ಗಂಟು ಇದ್ದರಷ್ಟೇ

ಚಕ್ರ ತಿರುಗುತ್ತಿದ್ದು ಬೆದೆ ಮಾತ್ರ ಸಿಗದ ಆಕಳಿಗೆ ಇದೇ ಮೊದಲ ಆಯ್ಕೆ. ಕ್ಲೋಪ್ರೊಸ್ಟೆನಾಲ್ ಆದರೆ 500 ಮೈಕ್ರೋಗ್ರಾಂ, 1 ಮಿ.ಲೀ.ಗೆ 250 ಮೈಕ್ರೋಗ್ರಾಂ ಇರುವ ಬಾಟಲಿಯಲ್ಲಿ ಅದು 2 ಮಿ.ಲೀ. ಡೈನೊಪ್ರಾಸ್ಟ್ ಆದರೆ 25 ಮಿ.ಗ್ರಾಂ, ಸಾಮಾನ್ಯವಾಗಿ 5 ಮಿ.ಲೀ. ಎರಡೂ ಮಾಂಸಖಂಡಕ್ಕೆ. ಗಂಟು 5–6ನೇ ದಿನದಿಂದ 16ನೇ ದಿನದವರೆಗಿನ ವಯಸ್ಸಿನದಾಗಿದ್ದರೆ ಕರಗುತ್ತದೆ, ಎರಡರಿಂದ ಐದು ದಿನದೊಳಗೆ ಬೆದೆ. ಅದಕ್ಕಿಂತ ಎಳೆಯ ಗಂಟು ಈ ಔಷಧಿಗೆ ಬಗ್ಗುವುದಿಲ್ಲ. "ಇಂಜೆಕ್ಷನ್ ಮಾಡಿಸಿದೆ, ಏನೂ ಆಗಲಿಲ್ಲ" ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ ಕಾರಣ.

ಇದರಲ್ಲೇ ಎರಡು ದಾರಿ. ಡಾಕ್ಟರು ಕೈ ಹಾಕಿ ಗಂಟು ಇದೆ ಎಂದು ಖಚಿತಪಡಿಸಿ ಒಂದೇ ಸೂಜಿ ಹಾಕುವುದು ಮೊದಲನೆಯದು. ಒಂದೆರಡು ದನ ಇರುವ ಮನೆಗೆ ಇದೇ ಸರಿ. ಹತ್ತಿಪ್ಪತ್ತು ದನ ಇರುವವರು ಪರೀಕ್ಷೆಯ ದಿನಕ್ಕೆ ಕಾಯದೆ, ಗಬ್ಬ ಇಲ್ಲ ಎಂಬುದನ್ನಷ್ಟೇ ನೋಡಿಸಿ, ಎಲ್ಲಕ್ಕೂ ಒಂದು ಸೂಜಿ, 11 ದಿನದ ಮೇಲೆ ಇನ್ನೊಂದು ಸೂಜಿ ಹಾಕಿಸಬಹುದು. ಮೊದಲ ಸೂಜಿಗೆ ಬೆದೆಗೆ ಬಂದದ್ದರ ಹೊಸ ಗಂಟು ಅಷ್ಟರಲ್ಲಿ ಏಳೆಂಟು ದಿನದ್ದಾಗಿರುತ್ತದೆ, ಬರದಿದ್ದದ್ದು ಕೂಡ ಚಕ್ರದ ಮಧ್ಯಕ್ಕೆ ಬಂದಿರುತ್ತದೆ. ಎರಡನೆಯ ಸೂಜಿಯ ನಂತರ ಬೆದೆ ನೋಡಿ ಎ.ಐ., ಅಂದರೆ ಕೃತಕ ಗರ್ಭಧಾರಣೆ, ಮಾಡಿಸಿ: ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ನೋಡುವವರಿಲ್ಲದಿದ್ದರೆ 72 ಮತ್ತು 96 ಗಂಟೆಗೆ ಎರಡು ಸಲ ಮಾಡಿಸುವುದುಂಟು, ಆದರೆ ಅದು ಕಣ್ಣಿನಿಂದ ನೋಡಿ ಮಾಡಿಸಿದಷ್ಟು ಒಳ್ಳೆಯದಲ್ಲ. ಬೆದೆ ಬರುವ ಹೊತ್ತು ದನದಿಂದ ದನಕ್ಕೆ ಎರಡು ಮೂರು ದಿನ ಹಿಂದುಮುಂದಾಗುವುದೇ ಈ ಔಷಧಿಯ ಮುಖ್ಯ ಕೊರತೆ.

ಗರ್ಭಕೋಶದಲ್ಲಿ ಕೀವು ನಿಂತ ದನಕ್ಕೂ ಇದೇ ಔಷಧಿ. ಗಂಟು ಕರಗಿ ಗರ್ಭಕೋಶದ ಬಾಯಿ ತೆರೆದು ಎರಡು ಮೂರು ದಿನದಲ್ಲಿ ಕೀವು ಹೊರಬೀಳುತ್ತದೆ. ಆ ಬೆದೆಯಲ್ಲಿ ಮಾತ್ರ ಎ.ಐ. ಮಾಡಿಸಬೇಡಿ.

ಓವ್‌ಸಿಂಕ್: ಬೆದೆ ನೋಡುವ ಕೆಲಸವೇ ಇಲ್ಲ

1995ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಸಂಶೋಧಕರು ಪ್ರಕಟಿಸಿದ ಪದ್ಧತಿ ಇದು. ಈಗ ಬಳಸುವ ಲೆಕ್ಕ ಹೀಗೆ: ಮೊದಲ ದಿನ ಜಿಎನ್‌ಆರ್‌ಎಚ್, ಏಳು ದಿನ ಕಳೆದು ಪ್ರೊಸ್ಟಾಗ್ಲಾಂಡಿನ್, ಅದಾದ 56 ಗಂಟೆಗೆ ಮತ್ತೆ ಜಿಎನ್‌ಆರ್‌ಎಚ್, ಅದಾದ 16ರಿಂದ 20 ಗಂಟೆಯೊಳಗೆ ಎ.ಐ. ಜಿಎನ್‌ಆರ್‌ಎಚ್ ಎಂದು ಇಲ್ಲಿ ಸಿಗುವುದು ಹೆಚ್ಚಾಗಿ ಬ್ಯುಸೆರೆಲಿನ್. ಒಂದು ಸಲಕ್ಕೆ 10 ಮೈಕ್ರೋಗ್ರಾಂ, 1 ಮಿ.ಲೀ.ಗೆ 4 ಮೈಕ್ರೋಗ್ರಾಂ ಇರುವ ಬಾಟಲಿಯಲ್ಲಿ 2.5 ಮಿ.ಲೀ. ಮೊದಲ ಸೂಜಿ ಇದ್ದ ಕೋಶವನ್ನು ಒಡೆದು ಹೊಸ ಕೋಶದ ಸರದಿ ಶುರುಮಾಡುತ್ತದೆ, ಎರಡನೆಯದು ಗಂಟು ಕರಗಿಸುತ್ತದೆ, ಮೂರನೆಯದು ಹೊಸ ಕೋಶವನ್ನು ಗೊತ್ತಾದ ಹೊತ್ತಿಗೆ ಒಡೆಸುತ್ತದೆ.

ಗಡಿಯಾರಕ್ಕೆ ಹೊಂದಿಸಿ ಹೇಳುವುದಾದರೆ: ಸೋಮವಾರ ಬೆಳಿಗ್ಗೆ 8ಕ್ಕೆ ಮೊದಲ ಸೂಜಿ, ಮುಂದಿನ ಸೋಮವಾರ ಬೆಳಿಗ್ಗೆ 8ಕ್ಕೆ ಎರಡನೆಯದು, ಬುಧವಾರ ಸಂಜೆ 4ಕ್ಕೆ ಮೂರನೆಯದು, ಗುರುವಾರ ಬೆಳಿಗ್ಗೆ 8ರಿಂದ 12ರೊಳಗೆ ಎ.ಐ. ಗುರುವಾರ ಶುರುಮಾಡಿದರೆ ಎ.ಐ. ರವಿವಾರಕ್ಕೆ ಬೀಳುತ್ತದೆ. ದವಾಖಾನೆ ಬಾಗಿಲು ಹಾಕಿದ ದಿನಕ್ಕೆ ಕೋಶ ಒಡೆಸಿಕೊಂಡು ಕುಳಿತವರಿದ್ದಾರೆ. ಹಬ್ಬ, ಜಾತ್ರೆ, ರಜೆಗಳನ್ನು ಕ್ಯಾಲೆಂಡರಿನಲ್ಲಿ ನೋಡಿಯೇ ಮೊದಲ ಸೂಜಿಯ ದಿನ ಆರಿಸಿ.

ತಪ್ಪುವುದೆಲ್ಲಿ? ಮೊದಲ ಜಿಎನ್‌ಆರ್‌ಎಚ್ ಚಕ್ರದ 5ರಿಂದ 12ನೇ ದಿನದೊಳಗೆ ಬಿದ್ದರೆ ಫಲ ಚೆನ್ನಾಗಿರುತ್ತದೆ. ಚಕ್ರದ ಕೊನೆಯಲ್ಲಿ ಬಿದ್ದರೆ ಏಳನೇ ದಿನ ಬರುವ ಮೊದಲೇ ಗಂಟು ತಾನಾಗಿ ಕರಗಿ ದನ ಬೆದೆಗೆ ಬಂದುಬಿಡುತ್ತದೆ. ಹಾಗೆ ನಡುವೆ ಬೆದೆ ಕಂಡರೆ ಆಗಲೇ ಎ.ಐ. ಮಾಡಿಸಿ, ಉಳಿದ ಸೂಜಿ ನಿಲ್ಲಿಸಿ. "ಕೋರ್ಸ್ ಮುಗಿಸಬೇಕು" ಎಂದು ಏಳನೇ ದಿನ ಪ್ರೊಸ್ಟಾಗ್ಲಾಂಡಿನ್ ಹಾಕಿಸಬೇಡಿ. ಮೂರನೆಯ ಸೂಜಿಯನ್ನು ಸಂಜೆಯ ಬದಲು ಮರುದಿನ ಎ.ಐ. ಹೊತ್ತಿಗೇ ಹಾಕಿಸುವುದು ಇನ್ನೊಂದು ಸಾಮಾನ್ಯ ತಪ್ಪು: ಒಂದೇ ಓಡಾಟದಲ್ಲಿ ಎರಡೂ ಕೆಲಸ ಮುಗಿಯುತ್ತದೆ ನಿಜ, ಗಬ್ಬ ನಿಲ್ಲುವ ಅವಕಾಶ ಕುಗ್ಗುತ್ತದೆ.

ಮಣಕಗಳಿಗೆ, ಅಂದರೆ ಇನ್ನೂ ಈಯದವಕ್ಕೆ, ಓವ್‌ಸಿಂಕ್ ಬೇಡ. ಅವುಗಳಲ್ಲಿ ಕೋಶದ ಸರದಿ ಬೇಗ ಬೇಗ ಬದಲಾಗುವುದರಿಂದ ಮೊದಲ ಸೂಜಿ ಗುರಿ ತಪ್ಪುತ್ತದೆ. ಮೈ ತುಂಬಿದ ಮಣಕಕ್ಕೆ ಪ್ರೊಸ್ಟಾಗ್ಲಾಂಡಿನ್ ಕೊಟ್ಟು ಬೆದೆ ನೋಡಿ ಎ.ಐ. ಮಾಡಿಸುವುದೇ ಲೇಸು, ಮಿಶ್ರತಳಿಯಾದರೆ 250 ಕೆ.ಜಿ. ದಾಟಿರಲಿ. ಚೆನ್ನಾಗಿ ಪಾಲಿಸಿದ ಕೊಟ್ಟಿಗೆಯಲ್ಲೂ ಓವ್‌ಸಿಂಕ್‌ನಿಂದ ಒಂದು ಸಲಕ್ಕೆ ಗಬ್ಬ ನಿಲ್ಲುವುದು ನೂರಕ್ಕೆ 30–40ರ ಆಸುಪಾಸು. ಬೆದೆ ನೋಡಿ ಮಾಡಿಸಿದ ಒಳ್ಳೆಯ ಎ.ಐ.ಗಿಂತ ಇದು ಮೇಲಲ್ಲ. ಲಾಭವಿರುವುದು ಎಲ್ಲ ದನಕ್ಕೂ ಒಂದೇ ದಿನ ಎ.ಐ. ಆಗುವುದರಲ್ಲಿ, ತಪ್ಪಿದ ಬೆದೆಯ 21 ದಿನ ಉಳಿಯುವುದರಲ್ಲಿ.

ಪ್ರೊಜೆಸ್ಟರಾನ್ ಸಾಧನ: ಮಲಗಿದ ಅಂಡಾಶಯಕ್ಕೆ

ಮೈಕಟ್ಟು ಸರಿ ಇದೆ, ಎರಡು ಸಲ ನೋಡಿದರೂ ಗಂಟಿಲ್ಲ, ಈದು ನಾಲ್ಕೈದು ತಿಂಗಳಾಗಿದೆ: ಇಂಥ ದನಕ್ಕೆ ನಾವು ಆರಿಸುವುದು ಯೋನಿಯಲ್ಲಿ ಇಡುವ ಪ್ರೊಜೆಸ್ಟರಾನ್ ಸಾಧನ. ಸಿಡರ್ ಎಂಬ ಹೆಸರಿನಿಂದ ಹೆಚ್ಚು ಪರಿಚಿತ. ಒಳಗಿರುವ ಪ್ರೊಜೆಸ್ಟರಾನ್ ಕಂಪನಿಗೆ ತಕ್ಕಂತೆ ಸುಮಾರು 1ರಿಂದ 2 ಗ್ರಾಂ. ಇಟ್ಟ ದಿನ ಜಿಎನ್‌ಆರ್‌ಎಚ್ 10 ಮೈಕ್ರೋಗ್ರಾಂ, ಏಳನೇ ದಿನ ತೆಗೆದು ಪ್ರೊಸ್ಟಾಗ್ಲಾಂಡಿನ್, ಅಂಡಾಶಯ ತೀರ ಮಲಗಿದ್ದರೆ ಅದೇ ಹೊತ್ತಿಗೆ ಇಸಿಜಿ 400–500 ಐ.ಯು.; ಕೋಶ ಬೆಳೆಸುವ ಈ ಹಾರ್ಮೋನನ್ನು ಹಳಬರು ಪಿಎಂಎಸ್‌ಜಿ ಎನ್ನುತ್ತಾರೆ. ಆಮೇಲೆ ಓವ್‌ಸಿಂಕ್‌ನ ಗಡಿಯಾರವೇ: 56 ಗಂಟೆಗೆ ಜಿಎನ್‌ಆರ್‌ಎಚ್, 16–20 ಗಂಟೆಗೆ ಎ.ಐ. ಏಳು ದಿನ ಪ್ರೊಜೆಸ್ಟರಾನಿನ ಹಿಡಿತದಲ್ಲಿದ್ದ ಮಿದುಳು ಅದು ತಟ್ಟನೆ ಹೋದಾಗ ಎಚ್ಚೆತ್ತು ಕೋಶ ಬೆಳೆಸುತ್ತದೆ. ಬರೀ ಓವ್‌ಸಿಂಕ್‌ನಲ್ಲಿ ಈ ಹಿಡಿತವೇ ಇಲ್ಲದ್ದರಿಂದ ಮಲಗಿದ ಅಂಡಾಶಯದಲ್ಲಿ ಅದು ಸೋಲುತ್ತದೆ.

ಇಸಿಜಿ ಹೆಚ್ಚಾದರೆ ಒಂದಕ್ಕಿಂತ ಹೆಚ್ಚು ಕೋಶ ಒಡೆದು ಅವಳಿಯ ಗಂಡಾಂತರ. ಆಕಳಿನಲ್ಲಿ ಅವಳಿ ಎಂದರೆ ಲಾಭವಲ್ಲ. ಕಸ (ಮಾಸು) ಬೀಳದಿರುವುದು, ಗಂಡಿನ ಜೊತೆ ಹುಟ್ಟಿದ ಹೆಣ್ಣುಗರು ಬಹುಪಾಲು ಗೊಡ್ಡಾಗುವುದು.

ಸಾಧನ ಇಡುವಾಗ ಸ್ವಚ್ಛತೆಯೇ ಅರ್ಧ ಕೆಲಸ. ಬಾಲ ಎತ್ತಿ ಕಟ್ಟಿ, ಹೊರಭಾಗ ಸೋಪು ನೀರಿನಿಂದ ತೊಳೆದು ಒರೆಸಿ, ಇಡುವ ಕೊಳವೆಯನ್ನು ಪ್ರತಿ ದನಕ್ಕೂ ಆಂಟಿಸೆಪ್ಟಿಕ್ ದ್ರಾವಣದಲ್ಲಿ ಅದ್ದಿ, ಜಾರುವಂತೆ ಜೆಲ್ ಹಚ್ಚಿ ಒಳಗೆ ಬಿಡಬೇಕು. ಹೊರಗುಳಿಯುವ ದಾರವನ್ನು ಗಿಡ್ಡವಾಗಿ ಕತ್ತರಿಸಿ, ಇಲ್ಲದಿದ್ದರೆ ಪಕ್ಕದ ದನ ಎಳೆದು ಕೆಡಹುತ್ತದೆ. ದಿನಾ ಒಮ್ಮೆ ದಾರ ಇದೆಯೇ ನೋಡಿ. ನಡುವೆ ಬಿದ್ದರೆ ಲೆಕ್ಕವೆಲ್ಲ ತಪ್ಪುತ್ತದೆ. ತೆಗೆಯುವಾಗ ಮಸುಕು ಲೋಳೆ ಬಂದರೆ ಗಾಬರಿ ಬೇಡ. ಕೆಟ್ಟ ವಾಸನೆಯ ಕೀವಾದರೆ ಎ.ಐ. ಮುಂದೂಡಿ. ದುಬಾರಿ ಎಂದು ಒಂದನ್ನೇ ತೊಳೆದು ಇನ್ನೊಂದು ದನಕ್ಕೆ ಇಡುವ ರೂಢಿ ಕೆಲವೆಡೆ ಇದೆ. ಗಬ್ಬ ಬೀಳಿಸುವ ಬ್ರುಸೆಲ್ಲಾ ಮುಂತಾದ ಸೋಂಕನ್ನು ಕೈಯಾರೆ ಹಂಚಿದಂತೆ ಅದು.

ಎಮ್ಮೆಯ ಲೆಕ್ಕ ಬೇರೆ

ಪೇಡೆಯ ಹಾಲಿಗೆ ಹೆಸರಾದ ಧಾರವಾಡಿ ಎಮ್ಮೆಯಿರಲಿ, ಮುರ್ರಾ ಇರಲಿ, ಬೇಸಿಗೆಯಲ್ಲಿ ಬೆದೆ ತೀರ ಮಂಕು. ಒಂದರ ಮೇಲೊಂದು ಹಾರುವುದು ಅಪರೂಪ, ಲೋಳೆಯೂ ಕಡಿಮೆ. ಪದೇ ಪದೇ ಸ್ವಲ್ಪ ಸ್ವಲ್ಪ ಉಚ್ಚೆ ಹೊಯ್ಯುವುದು, ಒದರುವುದು, ಹಾಲು ತೊರೆಯದಿರುವುದು, ಯೋನಿ ಊದಿ ಕೆಂಪಾಗುವುದು: ಇಷ್ಟರಲ್ಲೇ ಗುರುತಿಸಬೇಕು. ಅದೂ ನಸುಕಿನಲ್ಲಿ ಐದಾರು ಗಂಟೆಗೆ, ರಾತ್ರಿ ಒಂಬತ್ತು ಹತ್ತಕ್ಕೆ. ಮಧ್ಯಾಹ್ನ ನೋಡಿ ಏನೂ ಇಲ್ಲ ಎನ್ನುವವರಿಗೆ ಅದು ವರ್ಷವಿಡೀ ಕಾಣುವುದಿಲ್ಲ.

ಏಪ್ರಿಲ್–ಮೇ ತಿಂಗಳಲ್ಲಿ ಎಮ್ಮೆಗೆ ಹಾರ್ಮೋನು ಕೊಡಲೇಬೇಕೆಂದರೆ ಬರೀ ಓವ್‌ಸಿಂಕ್‌ಗಿಂತ ಪ್ರೊಜೆಸ್ಟರಾನ್ ಸಾಧನವೇ ಮೇಲು. ಆದರೆ ಆತುರವಿಲ್ಲದಿದ್ದರೆ ಅಕ್ಟೋಬರ್‌ವರೆಗೆ ತಡೆಯಿರಿ ಎಂಬುದು ನಮ್ಮ ಸಲಹೆ. ಹಗಲು ಕಿರಿದಾಗುವ ಕಾಲಕ್ಕೆ ಎಮ್ಮೆಯ ಅಂಡಾಶಯ ತಾನಾಗಿ ಎಚ್ಚರಗೊಳ್ಳುತ್ತದೆ, ಆಗ ಓವ್‌ಸಿಂಕ್, ಪ್ರೊಸ್ಟಾಗ್ಲಾಂಡಿನ್ ಎರಡಕ್ಕೂ ಬಗ್ಗುತ್ತದೆ. ನವೆಂಬರ್ ಮೊದಲ ವಾರ ಗಬ್ಬ ನಿಂತ ಎಮ್ಮೆ ಸುಮಾರು 310 ದಿನದ ಲೆಕ್ಕದಲ್ಲಿ ಸೆಪ್ಟೆಂಬರ್‌ನಲ್ಲಿ ಈಯುತ್ತದೆ, ಹಸಿರು ಮೇವಿರುವ ಕಾಲ. ಬೇಸಿಗೆಯಲ್ಲಿ ಮಾಡಿಸಿದ್ದಾದರೆ ನೆರಳು, ದಿನಕ್ಕೆರಡು ಸಲ ಮೈಮೇಲೆ ನೀರು ತಪ್ಪಿಸಬೇಡಿ. ಮೈ ಕಾದರೆ ಎಳೆ ಭ್ರೂಣ ಉಳಿಯುವುದು ಕಷ್ಟ.

ಬೆದೆ ಸರಿ, ಗಬ್ಬ ಮಾತ್ರ ನಿಲ್ಲದ್ದಕ್ಕೆ

ಮೂರು ಸಲ ಎ.ಐ. ಆದರೂ 21 ದಿನಕ್ಕೆ ಸರಿಯಾಗಿ ತಿರುಗಿ ಬೆದೆಗೆ ಬರುವ ಆಕಳಿಗೆ ಓವ್‌ಸಿಂಕ್, ಸಿಡರ್ ಎಂದು ಹೋಗುವ ಮೊದಲು ಲೋಳೆ ನೋಡಿ. ಗಾಜಿನಂತೆ ತಿಳಿಯಾಗಿರಬೇಕು. ಕೊಳವೆಯಲ್ಲಿ ಲೋಳೆಗೆ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಕಾಯಿಸಿದಾಗ ಹಳದಿ ಬಣ್ಣ ಬಂದರೆ ಒಳಗೆ ಸೋಂಕಿದೆ. ಆಗ ಬೇಕಾದ್ದು ಗರ್ಭಕೋಶದ ಚಿಕಿತ್ಸೆ. ಬಣ್ಣ ಬಾರದೆ, ಎ.ಐ. ಆದ ಮರುದಿನವೂ ಬೆದೆ ಮುಂದುವರಿದರೆ ಕೋಶ ತಡವಾಗಿ ಒಡೆಯುತ್ತಿದೆ ಎಂದರ್ಥ. ಅಲ್ಲಿ ಎ.ಐ. ಹೊತ್ತಿಗೆ ಜಿಎನ್‌ಆರ್‌ಎಚ್ 10 ಮೈಕ್ರೋಗ್ರಾಂ ಒಂದೇ ಸೂಜಿ, 24 ಗಂಟೆಗೆ ಇನ್ನೊಮ್ಮೆ ಎ.ಐ. ಸಾಕಾಗಬಹುದು. ವೀರ್ಯದ ಕಡ್ಡಿಯನ್ನು 37 ಡಿಗ್ರಿ ನೀರಿನಲ್ಲಿ 30 ಸೆಕೆಂಡು ಕರಗಿಸುತ್ತಾರೆಯೇ, ಅಂಗೈಯಲ್ಲಿ ಉಜ್ಜುತ್ತಾರೆಯೇ ಎಂಬುದನ್ನೂ ಗಮನಿಸಿ. ಆ ತಪ್ಪಿಗೆ ಯಾವ ಹಾರ್ಮೋನೂ ಮದ್ದಲ್ಲ.

ಎರಡು ಮೂರು ದಿನಕ್ಕೊಮ್ಮೆ ಬೆದೆ ತೋರಿಸುತ್ತ ಎಲ್ಲದರ ಮೇಲೂ ಹಾರುವ ಆಕಳಿಗೆ ನೀರುಗುಳ್ಳೆ ಇರುತ್ತದೆ. ಬ್ಯುಸೆರೆಲಿನ್ 20 ಮೈಕ್ರೋಗ್ರಾಂ, ಏಳರಿಂದ ಹತ್ತು ದಿನದ ಮೇಲೆ ಪ್ರೊಸ್ಟಾಗ್ಲಾಂಡಿನ್. ಗುಳ್ಳೆಯನ್ನು ಕೈಯಿಂದ ಒಡೆಸಬೇಡಿ, ರಕ್ತ ಸೋರಿ ಅಂಡಾಶಯ ಅಂಟಿಕೊಳ್ಳುತ್ತದೆ.

ಹೆಣ್ಣುಗರುವೇ ಹುಟ್ಟಲೆಂದು ಲಿಂಗ ಬೇರ್ಪಡಿಸಿದ ವೀರ್ಯ ಬಳಸುವವರಿಗೊಂದು ಮಾತು. ಸಾಮಾನ್ಯ ಕಡ್ಡಿಯಲ್ಲಿ ಸುಮಾರು 2 ಕೋಟಿ ವೀರ್ಯಾಣು, ಲಿಂಗ ಬೇರ್ಪಡಿಸಿದ್ದರಲ್ಲಿ ಸುಮಾರು 20 ಲಕ್ಷ. ಅದನ್ನು ಗಡಿಯಾರ ನೋಡಿ ಹಾಕುವ ಎ.ಐ.ಗೆ ಖರ್ಚು ಮಾಡಬೇಡಿ. ಬೆದೆ ಸ್ಪಷ್ಟವಾಗಿ ಕಂಡ, ಮೈ ತುಂಬಿದ ಮಣಕಕ್ಕೆ ಮೀಸಲಿಡಿ.

ಅಗ್ಗದ ದಾರಿಗಳು

ಕ್ಲೋಮಿಫೀನ್ ಗುಳಿಗೆ, ದಿನಕ್ಕೆ 300 ಮಿ.ಗ್ರಾಂ.ನಂತೆ ಐದು ದಿನ, ನಮ್ಮಲ್ಲಿ ಇನ್ನೂ ಬಳಕೆಯಲ್ಲಿದೆ. ಅಗ್ಗ, ಸೂಜಿಯಿಲ್ಲ, ಆದರೆ ಫಲ ಭರವಸೆಯದಲ್ಲ. ಎಸ್ಟ್ರಡಿಯೋಲ್ ಇಂಜೆಕ್ಷನ್ ಬೆದೆಯನ್ನು ಖಂಡಿತ ತೋರಿಸುತ್ತದೆ, ಆದರೆ ಬೆಳೆದ ಕೋಶ ಇಲ್ಲದಿದ್ದರೆ ಅದು ಬರೀ ತೋರಿಕೆಯ ಬೆದೆ, ಎ.ಐ. ಮಾಡಿಸಿದರೂ ಒಡೆಯಲು ಕೋಶವಿಲ್ಲ. ಯುರೋಪ್ ಒಕ್ಕೂಟದಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಇದನ್ನು ಕೊಡುವಂತಿಲ್ಲ. ಹಾಲು ತೊರೆಸಲು ಕದ್ದು ಹಾಕುವ ಆಕ್ಸಿಟೋಸಿನ್ ಗಬ್ಬ ನಿಲ್ಲಿಸುವ ಔಷಧಿಯೇ ಅಲ್ಲ.

ಕುರಿ ಸಾಕುವವರಿಗೆ ಚುಟುಕಾಗಿ

ಪ್ರೊಜೆಸ್ಟರಾನ್ ಸ್ಪಂಜನ್ನು 12–14 ದಿನ ಇಟ್ಟು, ತೆಗೆದಾಗ ಇಸಿಜಿ 300–500 ಐ.ಯು. ಕೊಟ್ಟರೆ ಎರಡು ದಿನದ ಆಸುಪಾಸಿಗೆ ಇಡೀ ಗುಂಪು ಒಟ್ಟಿಗೆ ಬೆದೆಗೆ ಬರುತ್ತದೆ. ಆಗ ಹತ್ತು ಕುರಿಗೆ ಒಂದು ಟಗರಾದರೂ ಬೇಕು. ಎಂದಿನಂತೆ ಮೂವತ್ತಕ್ಕೆ ಒಂದು ಬಿಟ್ಟರೆ ಟಗರು ಸುಸ್ತಾಗಿ ಅರ್ಧ ಕುರಿ ಖಾಲಿ ಉಳಿಯುತ್ತವೆ. ರಾಣೆಬೆನ್ನೂರು, ಶಿರಹಟ್ಟಿ ಕಡೆಯ ಅಲೆಮಾರಿ ಹಿಂಡುಗಳಿಗೆ ಸ್ಪಂಜಿಗಿಂತ ಟಗರನ್ನು ಮೂರ್ನಾಲ್ಕು ವಾರ ದೂರವಿಟ್ಟು ಒಮ್ಮೆಲೇ ಬಿಡುವುದು ಹೊಂದುತ್ತದೆ. ಖರ್ಚಿಲ್ಲ, ಬೆದೆ 18ರಿಂದ 25ನೇ ದಿನದ ನಡುವೆ ಗುಂಪುಗುಂಪಾಗಿ ಬರುತ್ತದೆ.

ಕೈಗೆ, ಹಾಲಿಗೆ, ಫ್ರಿಜ್ಜಿಗೆ

ಪ್ರೊಸ್ಟಾಗ್ಲಾಂಡಿನ್ ಚರ್ಮದ ಮೂಲಕ ಒಳಗಿಳಿಯುತ್ತದೆ. ಗರ್ಭಿಣಿಯರು ಮತ್ತು ಉಬ್ಬಸ ಇರುವವರು ಬಾಟಲಿಯನ್ನೇ ಮುಟ್ಟಬಾರದು. ಉಳಿದವರು ಕೈಗವಸು ಹಾಕಿ, ಚೆಲ್ಲಿದರೆ ಕೂಡಲೇ ಸೋಪಿನಿಂದ ತೊಳೆಯಿರಿ. ಜಿಎನ್‌ಆರ್‌ಎಚ್, ಇಸಿಜಿಗಳನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ಕರೆಂಟು ಹೋಗುವ ಊರಿನಲ್ಲಿ ಮೊದಲೇ ಕೊಂಡು ಮನೆಯಲ್ಲಿಟ್ಟರೆ ಕೆಡುತ್ತವೆ, ಆಯಾ ದಿನವೇ ಐಸ್ ಡಬ್ಬಿಯಲ್ಲಿ ತನ್ನಿ. ಹಾಲಿನ ಚಿಂತೆ ಎಲ್ಲರಿಗೂ ಇರುತ್ತದೆ: ಜಿಎನ್‌ಆರ್‌ಎಚ್ ಹೊಟ್ಟೆಯಲ್ಲಿ ಜೀರ್ಣವಾಗುವ ಸಣ್ಣ ಪ್ರೋಟೀನು, ಪ್ರೊಸ್ಟಾಗ್ಲಾಂಡಿನ್ ದನದ ದೇಹದಲ್ಲಿ ಬೇಗ ನಾಶವಾಗುತ್ತದೆ. ಆದರೂ ಲೇಬಲ್ಲಿನಲ್ಲಿ ಹಾಲು ಬಿಡಬೇಕಾದ ಅವಧಿ ಬರೆದಿದ್ದರೆ ಅದನ್ನು ಪಾಲಿಸಿ. ಇವೆಲ್ಲ ಡಾಕ್ಟರ ಚೀಟಿಯ ಮೇಲೆ ಕೊಡುವ ಔಷಧಿಗಳು. ಅಂಗಡಿಯವರ ಮಾತಿನ ಮೇಲೆ ಕೊಳ್ಳಬೇಡಿ.

ಎ.ಐ. ಆದ ಮೇಲೆ

ದಿನಾಂಕ, ಔಷಧಿ, ಹೋರಿಯ ನಂಬರು ಬರೆದಿಡಿ. 18ನೇ ದಿನದಿಂದ 24ನೇ ದಿನದವರೆಗೆ ಬೆಳಿಗ್ಗೆ ಸಂಜೆ ಬೆದೆ ನೋಡಿ, ತಿರುಗಿ ಬಂದರೆ ಅಲ್ಲೇ ಮತ್ತೆ ಎ.ಐ. ಬಾರದಿದ್ದರೆ ಅಲ್ಟ್ರಾಸೌಂಡ್ ಇರುವಲ್ಲಿ 30 ದಿನಕ್ಕೆ, ಇಲ್ಲದಲ್ಲಿ 60 ದಿನಕ್ಕೆ ಕೈ ಹಾಕಿ ಗಬ್ಬ ಪರೀಕ್ಷೆ. ಬೆದೆಗೆ ಬಂದಿಲ್ಲ ಎಂದ ಮಾತ್ರಕ್ಕೆ ಗಬ್ಬ ಎನ್ನಲಾಗದು, ಅದರಲ್ಲೂ ಎಮ್ಮೆಯಲ್ಲಿ. ಗಬ್ಬ ಇದ್ದರೂ ಒಮ್ಮೊಮ್ಮೆ ಬೆದೆಯ ಲಕ್ಷಣ ತೋರಿಸುವ ದನಗಳಿವೆ. ಹಾಗಾಗಿ ಈ ಪರೀಕ್ಷೆ ಆಗುವವರೆಗೆ ಎರಡನೆಯ ಸುತ್ತಿನ ಪ್ರೊಸ್ಟಾಗ್ಲಾಂಡಿನ್ ಹಾಕಿಸಲೇಬೇಡಿ. ಖಾಲಿ ಎಂದು ಖಚಿತವಾದ ದಿನವೇ ಮುಂದಿನ ಸುತ್ತಿನ ಮೊದಲ ಸೂಜಿ ಹಾಕಿಸಬಹುದು.